ಕೆಂಪು ರಾಶಿಯ ಹಿಂದಿನ ಕೈಗಳು

ಜುಲೈ ತಿಂಗಳ ಬೆಳಗ್ಗೆ ಕೋಲಾರದ ಎಪಿಎಂಸಿ ಅಂಗಳದಲ್ಲಿ ನೆಲವೇ ಕಾಣುವುದಿಲ್ಲ. ಎತ್ತ ತಿರುಗಿದರೂ ಪ್ಲಾಸ್ಟಿಕ್ ಬಾಕ್ಸು, ಬಾಕ್ಸಿನ ತುಂಬ ಟೊಮೆಟೊ. ಉತ್ತರದ ರಾಜ್ಯಗಳಲ್ಲಿ ಮಳೆಗೆ ಬೆಳೆ ಕಡಿಮೆಯಾಗುವ ಈ ದಿನಗಳಲ್ಲಿ ಅಲ್ಲಿನ ಅಡುಗೆಮನೆಗಳಿಗೂ ಇಲ್ಲಿಂದಲೇ ಲಾರಿ ಹೊರಡಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಸಾವಿರ ಅಡಿಗೂ ಆಳಕ್ಕಿಳಿದ ಕೊಳವೆಬಾವಿಗಳ ಜಿಲ್ಲೆ ಇಷ್ಟನ್ನು ಬೆಳೆದದ್ದಾದರೂ ಹೇಗೆ ಎಂದು ನಾನು ಬೆರಗಾಗಿ ನಿಂತುಬಿಟ್ಟೆ.

"ಅಣ್ಣಾ, ದಾರಿ ಬಿಡಣ್ಣಾ!"

ಹಿಂದೆ ತಿರುಗಿದರೆ ಹಮಾಲಿಯೊಬ್ಬರು. ತಲೆಯ ಮೇಲೆ ಸುತ್ತಿದ ಟವೆಲಿನ ಸಿಂಬಿ, ಅದರ ಮೇಲೆ ಒಂದರ ಮೇಲೊಂದು ಬಾಕ್ಸು. ಒಂದೊಂದರಲ್ಲೂ ಸುಮಾರು 15 ಕಿಲೋ. ಒಡೆದ ಹಣ್ಣಿನ ರಸದಿಂದ ಜಾರುವ ನೆಲದಲ್ಲಿ ಅವರ ಬರಿಗಾಲು ಒಮ್ಮೆಯೂ ತಪ್ಪಲಿಲ್ಲ. ಪಕ್ಕದಲ್ಲಿ ಹೆಂಗಸರು ಕುಕ್ಕರಗಾಲಲ್ಲಿ ಕೂತು ಕಾಯಿ, ದೋರೆ, ಹಣ್ಣು ಎಂದು ವಿಂಗಡಿಸುತ್ತಿದ್ದರು. ಕಣ್ಣು ಮಾತಿನ ಕಡೆ, ಬೆರಳು ಮಾತ್ರ ಹಣ್ಣಿನ ಮೇಲೆ. ಮುಟ್ಟಿದ ಮಾತ್ರಕ್ಕೆ ಅದು ದೂರದ ಊರು ತಲುಪೀತೋ ಇಲ್ಲವೋ ತಿಳಿಯುತ್ತದಂತೆ. "ಡೆಲ್ಲಿಗೆ ಹೋಗೋದಕ್ಕೆ ಗಟ್ಟಿ ಕಾಯೇ ಬೇಕು ಅಣ್ಣಾ" ಎಂದು ಒಬ್ಬಾಕೆ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸಿದರು.

2023ರ ಜುಲೈನಲ್ಲಿ ಇದೇ ಅಂಗಳದಲ್ಲಿ ಒಂದು ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಇದೇ ಹಣ್ಣನ್ನು ರೈತರು ರಸ್ತೆಬದಿಗೆ ಸುರಿದದ್ದೂ ಉಂಟು. ಎರಡೂ ಸಲ ಹೊರುವ ಭಾರ ಅಷ್ಟೇ.

ಇದೇ ಜಿಲ್ಲೆಯ ಶ್ರೀನಿವಾಸಪುರದ ಕಡೆ ಹೋದರೆ ಮಾವಿನ ತೋಪು ಮುಗಿಯುವುದೇ ಇಲ್ಲ. ದೋಟಿ ಹಿಡಿದು ತೋತಾಪುರಿ ಕೀಳುವವರ ಮುಂಗೈ ನೋಡಿ: ಸೊನೆ ತಾಗಿ ಸುಟ್ಟ ಕಪ್ಪು ಕಲೆಗಳು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಇಲ್ಲಿನ ತೋತಾಪುರಿಯ ಪ್ರವೇಶ ತಡೆದಾಗ ಅಲ್ಲಿನ ರಸ ತೆಗೆಯುವ ಕಾರ್ಖಾನೆಗಳ ದಾರಿಯೇ ಮುಚ್ಚಿತು. ಕೊಯ್ಯುವವರಿಗೆ, ಗಾಡಿ ತುಂಬುವವರಿಗೆ ಆ ದಿನಗಳ ಕೂಲಿ ಎಲ್ಲಿಂದ ಬರಬೇಕು?

ಮುಳಬಾಗಿಲಿನಲ್ಲಿ ದೋಸೆ ತಿಂದೆ. ಕಾವಲಿಯ ಮುಂದೆ ಬೆಂಕಿಯ ಝಳಕ್ಕೆ ಮುಖವೊಡ್ಡಿ ನಿಂತವರ ಕೈಚಳಕಕ್ಕೆ ಊರಿನ ಹೆಸರೇ ಅಂಟಿಕೊಂಡಿದೆ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಬೂದಿ ಮೆತ್ತಿದ ಕೈಗಳು ಇಟ್ಟಿಗೆ ಎಸೆದು ಹಿಡಿಯುವ ಲಯವನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಬೆಂಗಳೂರಿನ ಎಷ್ಟೋ ಗೋಡೆಗಳು ಆ ಕೈಗಳನ್ನು ದಾಟಿ ಬಂದಿವೆ.

ಇಷ್ಟು ನುರಿತ ಕೆಲಸಕ್ಕೆ ನೇಮಕದ ಪತ್ರವಿಲ್ಲ, ಪಿಂಚಣಿಯಿಲ್ಲ, ಜಾರಿ ಬಿದ್ದರೆ ಮರುದಿನದ ಕೂಲಿಯಿಲ್ಲ. ರಾಜ್ಯದ 'ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ' ಯೋಜನೆಯ ಪಟ್ಟಿಯಲ್ಲಿ ಹಮಾಲರೂ ಇದ್ದಾರೆ, ಭಟ್ಟಿ ಕಾರ್ಮಿಕರೂ ಇದ್ದಾರೆ. ಅವರು ಒಂದು ದಿನದ ದುಡಿಮೆ ಬಿಟ್ಟು ಕಚೇರಿಗೆ ಅಲೆಯುವಂತಾಗಬಾರದು. ನೋಂದಣಿಯ ಮೇಜು ಹರಾಜಿನ ಹೊತ್ತಿಗೆ ಮಂಡಿಯ ಅಂಗಳಕ್ಕೆ ಬರಲಿ, ಗೂಡಿನ ಬಾಗಿಲಿಗೆ ಬರಲಿ.