ಮದಗದ ಏರಿಯ ಕೆಂಪು ಚೇಳು

ಮದಗ ಮಾಸೂರು ಕೆರೆಯ ದಂಡೆಯಲ್ಲಿ ರಾತ್ರಿ ತಂಗಬೇಕೆಂದರೆ ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕು. ಕುಡಿಯುವ ನೀರು, ಕಟ್ಟಿಗೆ, ಬುತ್ತಿ, ಹಾಸಿಗೆ, ಬೆಳಕು, ಎಲ್ಲವನ್ನೂ. ಮಳೆಗಾಲದಲ್ಲಿ ಕೋಡಿ ಬಿದ್ದಾಗ ಸುತ್ತಲಿನ ಊರುಗಳಿಂದ ಜನ ಬರುತ್ತಾರೆ, ನೀರು ಧುಮುಕುವುದನ್ನು ನೋಡಿ, ಫೋಟೋ ತೆಗೆದು, ಹೊತ್ತು ಮುಳುಗುವ ಮೊದಲೇ ಹೊರಟುಬಿಡುತ್ತಾರೆ. ನಾವು ಹೋದದ್ದು ಮೇ ಕೊನೆಗೆ. ಕೋಡಿ ಒಣಗಿತ್ತು. ನೀರು ಹಿಂದೆ ಸರಿದು ದಂಡೆ ಬಿರುಕು ಬಿಟ್ಟಿತ್ತು. ಮೊಬೈಲಿಗೆ ಸಿಗ್ನಲ್ ಒಂದು ಕಡೆ ನಿಂತರೆ ಬರುತ್ತಿತ್ತು, ಎರಡು ಹೆಜ್ಜೆ ಸರಿದರೆ ಹೋಗುತ್ತಿತ್ತು.

ನಾನು ಹಂಸಭಾವಿಯವನು, ಮೇಷ್ಟ್ರು. ಶಾಲೆ ಶುರುವಾಗಲು ಇನ್ನೂ ಕೆಲವು ದಿನವಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ಗೆಳೆಯನೊಬ್ಬನನ್ನು ಕಟ್ಟಿಕೊಂಡು ಊರಿಗೆ ಬಂದಿದ್ದ. ಬರುವಾಗ ಟೆಂಟನ್ನೂ ತಂದಿದ್ದ. "ಮಾವಾ, ಚಿಕ್ಕಮಗಳೂರ ಕಡೆ ಕೆರಿ ದಂಡಿಗೆ ಒಂದ್ ರಾತ್ರಿ ಮಲಗಾಕ ಸಾವಿರಗಟ್ಟಲೆ ಕೇಳ್ತಾರ. ನಮ್ ಕಡೆ ಅಷ್ಟ್ ದೊಡ್ಡ ಕೆರಿ ಪುಕ್ಕಟೆ ಐತಿ, ಯಾರೂ ಹೋಗಂಗಿಲ್ಲ" ಅಂದ. ಮಾತು ಸುಳ್ಳಲ್ಲ. ಕುಮುದ್ವತಿ ನದಿ ಗುಡ್ಡಗಳ ನಡುವೆ ಹಾದುಹೋಗುವ ಇಕ್ಕಟ್ಟಿಗೆ ಅಡ್ಡ ಏರಿ ಹಾಕಿ, ವಿಜಯನಗರದ ಕಾಲದಲ್ಲಿ ಕಟ್ಟಿದ ಕೆರೆ ಅದು. ಹಳೆಯ ಏರಿ ಒಡೆದು ಹೋಗಿ ಈಗ ಇರುವುದು ಮೊದಲಿನ ಹರವಿನ ಒಂದು ಪಾಲು ಮಾತ್ರ. ಆ ಪಾಲನ್ನು ನೋಡಿದರೇ ಕಟ್ಟಿಸಿದವರ ಎದೆಗಾರಿಕೆ ತಿಳಿಯುತ್ತದೆ. ಸರ್ವಜ್ಞನ ಹೆಸರು ಹೇಳಿಕೊಳ್ಳುವ ಮಾಸೂರು ಅಲ್ಲೇ ಹತ್ತಿರ. ಹುಡುಗರಿಗೆ ಇದನ್ನೆಲ್ಲ ಹೇಳುವ ಉಮೇದು ನನಗೂ ಇತ್ತು.

ಸಂಜೆ ಚೆನ್ನಾಗಿಯೇ ಕಳೆಯಿತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡೆವು. ಮೀನಿನ ಗುತ್ತಿಗೆ ಹಿಡಿದವರ ಪರವಾಗಿ ಬಲೆ ಕಾಯುವ ಹಿರಿಯರೊಬ್ಬರು ತಮ್ಮ ಗುಡಿಸಲಿನಿಂದ ಬಂದು, ಚಹಾ ಕುಡಿದು, ಟೆಂಟನ್ನು ಮುಟ್ಟಿ ನೋಡಿ, "ಇದರಾಗ ಗಾಳಿ ಹೆಂಗ ಆಡ್ತೈತ್ರಿ?" ಎಂದು ಕೇಳಿ ಹೋದರು. ನೆಲ ಗಟ್ಟಿ ಗೊರಚು, ಟೆಂಟಿನ ಗೂಟ ಇಳಿಯಲೇ ಇಲ್ಲ. ಹಗ್ಗಕ್ಕೆಲ್ಲ ಕಲ್ಲು ಹೇರಿದೆವು. ಕಲ್ಲಿಗೆ ಅಲ್ಲಿ ಬರವಿಲ್ಲ.

ನಡುರಾತ್ರಿ ರೋಹಿಣಿ ಮಳೆ ಬಂತು. ಮೊದಲು ಗಾಳಿ, ಆಮೇಲೆ ದಪ್ಪ ಹನಿ. ಟೆಂಟಿನ ಒಂದು ಮಗ್ಗಲು ಕಿತ್ತುಕೊಂಡು ಮುಖಕ್ಕೆ ಬಡಿಯತೊಡಗಿತು. ಹುಡುಗರು ಬಟ್ಟೆ ಹಿಡಿದು ನಿಂತರು, ನಾನು ಇನ್ನೊಂದು ಕಲ್ಲು ತರಲು ಏರಿಯ ಬುಡಕ್ಕೆ ಹೋಗಿ ಕತ್ತಲಲ್ಲೇ ಒಂದನ್ನು ಎತ್ತಿದೆ. ಬಲಗೈಯ ಉಂಗುರ ಬೆರಳಿಗೆ ಕೆಂಡ ಇಟ್ಟಂತಾಯಿತು. ಕಲ್ಲು ಬಿಸಾಡಿ ಕೂಗಿದೆ. ಅಳಿಯ ಟಾರ್ಚ್ ಬಿಟ್ಟಾಗ ಅದು ಇನ್ನೂ ಅಲ್ಲೇ ಇತ್ತು. ಸಣ್ಣ ಚೇಳು, ಬೆರಳುದ್ದವೂ ಇರಲಿಲ್ಲ, ಕೆಂಪು ಬೆರೆತ ಕಂದು ಬಣ್ಣ, ಕೊಂಬು ಸಪೂರ, ಬಾಲ ಮೇಲಕ್ಕೆ. "ಸಣ್ಣದೈತಿ ಬಿಡ್ರಿ ಮಾವಾ" ಅಂದ.

ನಮ್ಮ ಭಾಗದ ಜನರಿಗೆ ಹೆದರಿಕೆ ಇರುವುದು ದೊಡ್ಡ ಕರಿಚೇಳಿನದು. ನಿಜವಾಗಿ ಹೆದರಬೇಕಾದದ್ದು ಈ ಸಣ್ಣ ಕೆಂಪಿಗೆ. ಕರಿಚೇಳು ಕಡಿದರೆ ನೋವು ಇರುತ್ತದೆ, ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಕೆಂಪಿನ ವಿಷ ನರಗಳನ್ನು ಕೆಣಕಿ ಮೈಯೊಳಗೆ ಅಡ್ರಿನಲಿನ್‌ನಂಥ ರಸಗಳನ್ನು ಒಮ್ಮೆಲೇ ಉಕ್ಕಿಸುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಹೃದಯ ಸೋಲತೊಡಗುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದನ್ನೆಲ್ಲ ಆಮೇಲೆ ಓದಿ ತಿಳಿದದ್ದು. ಆ ರಾತ್ರಿ ನನಗೆ ತಿಳಿದದ್ದು ಇಷ್ಟೇ: ನೋವು ಬೆರಳಿನಿಂದ ಮೊಣಕೈಗೆ, ಅಲ್ಲಿಂದ ಕಂಕುಳಿಗೆ ಏರಿತು. ಅಂಗಿ ತೊಯ್ದಿತ್ತು. ಮಳೆ ನೀರೆಂದುಕೊಂಡಿದ್ದೆ, ಟೆಂಟಿನೊಳಗೆ ಬಂದು ಒರೆಸಿಕೊಂಡ ಮೇಲೂ ಮತ್ತೆ ಒದ್ದೆ. ಅದು ಬೆವರು. ಬಾಯಲ್ಲಿ ಜೊಲ್ಲು ನಿಲ್ಲಲಿಲ್ಲ. ಎರಡು ಸಲ ವಾಂತಿಯಾಯಿತು, ಉಂಡದ್ದೆಲ್ಲ ಹೋಯಿತು.

ಗದ್ದಲ ಕೇಳಿ ಬಲೆ ಕಾಯುವ ಹಿರಿಯರು ಗೊಬ್ಬರ ಚೀಲ ತಲೆಗೆ ಹೊದ್ದುಕೊಂಡು ಬಂದರು. ಜತೆಗೆ ಉತ್ತರಾಣಿ ಬೇರು ತಂದಿದ್ದರು. ಅರೆದು ಹಚ್ಚಿದರು. ನಗಬೇಡಿ. ಬಹಳಷ್ಟು ಚೇಳಿನ ಕಡಿತ ತಾನಾಗಿಯೇ ಇಳಿಯುವುದರಿಂದ ಬೇರಿಗೂ ಮಂತ್ರಕ್ಕೂ ಹೆಸರು ಬಂದಿದೆ, ಅವರನ್ನು ಅಂದು ಪ್ರಯೋಜನವಿಲ್ಲ. ಆದರೆ ಈ ಹಿರಿಯರು ಬೇರು ಹಚ್ಚಿ ಸುಮ್ಮನೆ ಕೂರಲಿಲ್ಲ. ನನ್ನ ಪಾದ ಮುಟ್ಟಿದರು, ಅಂಗೈ ಮುಟ್ಟಿದರು. "ಕಾಲು ತಣ್ಣಗಾಗ್ಯಾವ್ರಿ. ಇದು ಬೇರಿಗೆ ಬಗ್ಗೂದಲ್ಲ. ಮಾಸ್ತರನ್ನ ಎತ್ತಿಕೊಂಡ ನಡೀರಿ" ಅಂದರು. ಆ ರಾತ್ರಿ ಸರಿಯಾಗಿ ರೋಗ ಗುರುತಿಸಿದ ಮೊದಲ ಮನುಷ್ಯ ಅವರು.

ಕಾರು ನಿಲ್ಲಿಸಿದ್ದ ಜಾಗ ದೂರವಿತ್ತು, ರಸ್ತೆ ಅಲ್ಲಿಗೇ ಮುಗಿಯುತ್ತದೆ. ನಡೆಯುತ್ತೇನೆಂದು ಎದ್ದೆ, ಕಣ್ಣು ಕತ್ತಲೆಗಟ್ಟಿ ಕುಸಿದೆ. ಕಂಬಳಿಯಲ್ಲಿ ಹಾಕಿ ಮೂವರೂ ಹೊತ್ತರು. ಕಾಲುದಾರಿ ಜಾರುತ್ತಿತ್ತು. ಅಳಿಯ ಒಮ್ಮೆ ಬಿದ್ದ, ಅವನ ಜತೆ ನಾನೂ. ನಡುವೆ ಸಿಗ್ನಲ್ ಸಿಕ್ಕಾಗ ಗೆಳೆಯ 108ಕ್ಕೆ ಫೋನ್ ಮಾಡಿದ. ಎಲ್ಲಿದ್ದೀರಿ ಎಂದು ಅವರು ಕೇಳುವುದು, ಇವನು ಕೆರೆ ಏರಿ ಎನ್ನುವುದು, ಯಾವ ಊರು ಎಂದು ಅವರು ಮತ್ತೆ ಕೇಳುವುದು. ಬೆಂಗಳೂರಿನ ಹುಡುಗ, ಅವನಿಗೆ ಊರಿನ ಹೆಸರೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಫೋನ್ ಕಡಿಯಿತು. ಕಾರು ಎರೆಮಣ್ಣಿನಲ್ಲಿ ಹೂತಿತ್ತು. ಚಕ್ರದಡಿಗೆ ನನ್ನ ಹಾಸಿಗೆಯನ್ನೇ ಹಾಕಿ ತಳ್ಳಿ ಎಬ್ಬಿಸಿದರು.

ಸೀಟಿನಲ್ಲಿ ಮಲಗಿಸಿದರೆ ಉಸಿರು ಕಟ್ಟುತ್ತಿತ್ತು, ಒರಗಿ ಕೂತರೆ ಸ್ವಲ್ಪ ಆಡುತ್ತಿತ್ತು. ಕೆಮ್ಮು ಶುರುವಾಯಿತು. ನನಗೆ ಸಾವಿನ ವಿಚಾರ ಬರಲಿಲ್ಲ, ವಿಚಿತ್ರವೆಂದರೆ ಶಾಲೆಯ ಬೀರುವಿನ ಕೀಲಿ ಯಾರ ಹತ್ತಿರ ಇದೆ ಎಂಬ ಚಿಂತೆ ಹತ್ತಿತು. ಅದನ್ನೇ ಅಳಿಯನಿಗೆ ಹೇಳುತ್ತಿದ್ದೆನಂತೆ. ದಾರಿಯಲ್ಲಿ ಮೊದಲು ಸಿಕ್ಕ ದವಾಖಾನೆಗೆ ಬೀಗ ಹಾಕಿತ್ತು. ಬಾಗಿಲು ಬಡಿದರೂ ಯಾರೂ ಬರಲಿಲ್ಲ. ಮುಂದಿನ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಇದ್ದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿಪಿ ನೋಡಿದರು, ಎದೆಗೆ ಸ್ಟೆತ್ ಇಟ್ಟರು, ಪಾದ ಮುಟ್ಟಿದರು, ಹಿರಿಯರು ಮುಟ್ಟಿದ ಹಾಗೆಯೇ. ಆಕ್ಸಿಜನ್ ಹಚ್ಚಿಸಿ ಪ್ರಾಜೋಸಿನ್ ಎಂಬ ಮಾತ್ರೆ ಬರೆದರು. ಅದು ಅಲ್ಲಿ ಖಾಲಿಯಾಗಿತ್ತು. ಅಳಿಯ ಔಷಧಿ ಅಂಗಡಿಯವರ ಮನೆ ಹುಡುಕಿ ಎಬ್ಬಿಸಿ ತಂದ. ಮಾತ್ರೆ ನುಂಗಿಸಿ, "ಎದ್ದು ನಿಲ್ಲಬಾರದು ಸರ್, ಬಾತ್‌ರೂಮಿಗೂ ಬೇಡ, ಬಿಪಿ ಸಟಕ್ಕನೆ ಇಳೀತದೆ" ಅಂದರು. ಮೂರು ತಾಸಿಗೊಮ್ಮೆ ಮತ್ತೆ ಕೊಟ್ಟರು, ಕೈಕಾಲು ಬೆಚ್ಚಗಾಗುವವರೆಗೆ. ಬೆಳಗಾಗಿ ಬಹಳ ಹೊತ್ತಾದ ಮೇಲೆ ಪಾದ ಬೆಚ್ಚಗಾಯಿತು. ಬೆರಳಿನ ನೋವು ಆಗ ಮತ್ತೆ ಜೋರಾಯಿತು. ಡಾಕ್ಟರಿಗೆ ಸಂತೋಷ, ನನಗೆ ಸಿಟ್ಟು.

ಆ ಮಾತ್ರೆಯ ಹಿಂದಿನ ಕತೆ ನಮ್ಮ ಪಕ್ಕದ ರಾಜ್ಯದ್ದು. ಪ್ರಾಜೋಸಿನ್ ಹಳೆಯ ಬಿಪಿ ಮಾತ್ರೆ. ಚೇಳಿನ ವಿಷ ಬಿಗಿದ ರಕ್ತನಾಳಗಳನ್ನು ಅದು ಸಡಿಲಿಸುತ್ತದೆ ಎಂದು ಕಂಡುಕೊಂಡವರು ಕೊಂಕಣದ ಮಹಾಡದಲ್ಲಿ ಕೆಲಸ ಮಾಡಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ರೋಗಿಗಳ ಪಕ್ಕದಲ್ಲೇ ರಾತ್ರಿಗಟ್ಟಲೆ ಕೂತು ಬರೆದಿಟ್ಟ ಟಿಪ್ಪಣಿಗಳು 1982ರಲ್ಲಿ, ಆಮೇಲೆ ಪ್ರಾಜೋಸಿನ್ ಬಗೆಗಿನ ಬರಹ 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದವು. ಅದಕ್ಕೆ ಮೊದಲು ವಿಷ ಮೈಗೇರಿದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರು. ಆಮೇಲೆ ಅದು 4ಕ್ಕಿಂತ ಕೆಳಗಿಳಿಯಿತು. ಚೇಳಿನ ಪ್ರತಿವಿಷವನ್ನೂ ಈ ಮಾತ್ರೆಯ ಜತೆ ಕೊಟ್ಟರೆ ಇನ್ನೂ ಬೇಗ ಗುಣವಾಗುತ್ತದೆ ಎಂದು 2011ರಲ್ಲಿ ಅವರೇ ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನ್ನ ಕೇಳಿದರೆ ತಡವಾಗಿ ಬಂತು.

ಅಳಿಯ ಈಗಲೂ ಟೆಂಟ್ ಹೊತ್ತು ತಿರುಗುತ್ತಾನೆ. ಜೇಬಿನಲ್ಲಿ ನೇರಳಾತೀತ ಟಾರ್ಚೊಂದು ಇರುತ್ತದೆ. ಆ ಬೆಳಕು ಬಿದ್ದರೆ ಚೇಳು ಹಸಿರಾಗಿ ಹೊಳೆಯುತ್ತದೆ, ಹಾಗಾಗಿ ಮಲಗುವ ಮೊದಲು ಸುತ್ತ ಹಾಯಿಸಿ ನೋಡುತ್ತಾನೆ. ನಾನೂ ಕೆರೆ ದಂಡೆ ಬಿಟ್ಟಿಲ್ಲ, ಆದರೆ ಮಂಚ ಹಾಕುವ ಜಾಗವಿದ್ದರೆ ಮಾತ್ರ ರಾತ್ರಿ ಉಳಿಯುತ್ತೇನೆ. ಹಾವೇರಿ ಜಿಲ್ಲೆಯಲ್ಲಿ ಕೆರೆಗಳಿಗೆ ಕೊರತೆಯಿಲ್ಲ, ಮುಂದೆ ನೀವೂ ಹೋಗಿ ತಂಗಬಹುದು. ಕಲ್ಲು ಕಟ್ಟಿದ ಏರಿಯಿಂದ ದೂರ ಮಲಗಿ, ಕಲ್ಲು ಕಟ್ಟಿಗೆಗೆ ಬರಿಗೈ ಹಾಕಬೇಡಿ, ಚಪ್ಪಲಿ ಬೂಟು ಕೊಡವಿ ಹಾಕಿಕೊಳ್ಳಿ. ಇರುವ ಜಾಗದ ಊರಿನ ಹೆಸರು ಜತೆಯಲ್ಲಿ ಬಂದ ಎಲ್ಲರಿಗೂ ಬಾಯಿಪಾಠ ಇರಲಿ. ಕಡಿದವರಿಗೆ ಬೆವರು, ವಾಂತಿ, ತಣ್ಣನೆಯ ಕೈಕಾಲು ಕಂಡರೆ ಬೆಳಗಿನವರೆಗೆ ಕಾಯಬೇಡಿ, ನಡೆಸಲೂಬೇಡಿ. ಹೊರಡುವ ಮೊದಲೇ ಹತ್ತಿರದ ಆಸ್ಪತ್ರೆಗೆ ಒಂದು ಫೋನ್ ಮಾಡಿ, ಪ್ರಾಜೋಸಿನ್ ಇದೆಯೇ ಎಂದು ಕೇಳಿ. ಇಲ್ಲವೆಂದರೆ ತರಿಸಿಡಿ ಎಂದು ಹೇಳಿ.