ಆರಿಯ ಪಾಠ

ನಿವೃತ್ತನಾದ ಉಪಾಧ್ಯಾಯನು ಕಾಲಕ್ಷೇಪಕ್ಕಾಗಿ ಹೂದೋಟವನ್ನೋ ಪುರಾಣಶ್ರವಣವನ್ನೋ ಆಶ್ರಯಿಸುವುದು ಲೋಕರೂಢಿ. ನಾನು ತೊಗಲಿನ ಕೆಲಸವನ್ನು ಹಿಡಿದಿರುವೆನೆಂದು ಕೇಳಿ ನನ್ನ ಮಿತ್ರರಲ್ಲಿ ಕೆಲವರು ನಕ್ಕರು. ಕೆಲವರು ನಗದೆ ಸುಮ್ಮನಾದರು. ನಕ್ಕವರಿಗೆ ಉತ್ತರ ಹೇಳುವುದು ಸುಲಭ. ಸುಮ್ಮನಾದವರಿಗಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಬಾಲ್ಯದಲ್ಲಿ ಪಾಠಶಾಲೆಯ ಗುರುಗಳು ನಮಗೆ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅದರ ದ್ವಿತೀಯ ಕಾಂಡದ ಶೂದ್ರವರ್ಗದಲ್ಲಿ ತೊಗಲನ್ನು ಚುಚ್ಚುವ ಉಪಕರಣಕ್ಕೆ ಆರಾ, ಚರ್ಮಪ್ರಭೇದಿಕಾ ಎಂದು ಎರಡು ಹೆಸರುಗಳಿವೆ. ಹತ್ತು ವರ್ಷದವನಿದ್ದಾಗಲೇ ನಾನು ಇವನ್ನು ತಡವರಿಸದೆ ಒಪ್ಪಿಸಬಲ್ಲವನಾಗಿದ್ದೆನು. ಆದರೆ ಆ ವಸ್ತುವನ್ನು ಕೈಯಲ್ಲಿ ಹಿಡಿದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ.

2021ರಲ್ಲಿ ಒಂದು ದಿನ ನನ್ನ ಕೈಚೀಲದ ಪಟ್ಟಿ ಹರಿಯಿತು. ಅಥಣಿಯ ಪೇಟೆಯಲ್ಲಿ ಒಬ್ಬ ವೃದ್ಧ ಚಮ್ಮಾರರ ಅಂಗಡಿಯಿದೆ. ಮೂವತ್ತು ವರ್ಷ ಆ ಅಂಗಡಿಯ ಮುಂದೆ ನಾನು ನಿಂತವನಲ್ಲ. ಅದರ ಕಾರಣವನ್ನು ಮುಂದೆ ಹೇಳುವೆನು. ಆ ದಿನ ಬೇರೆ ಅಂಗಡಿಗಳು ಮುಚ್ಚಿದ್ದುದರಿಂದ ಅಲ್ಲಿಯೇ ಹೋಗಬೇಕಾಯಿತು. ಅವರು ಮರದ ಹಿಡಿಯುಳ್ಳ ಒಂದು ಮೊನೆಯಿಂದ ಪಟ್ಟಿಯನ್ನು ಚುಚ್ಚಿ, ಐದು ನಿಮಿಷದಲ್ಲಿ ಹೊಲಿದುಕೊಟ್ಟರು.

“ಇದಕ್ಕೇನಂತೀರಿ, ಕಾಕಾ?” ಎಂದು ಕೇಳಿದೆನು.

“ಆರಿ” ಎಂದರು.

ಐವತ್ತು ವರ್ಷ ನನ್ನ ನಾಲಗೆಯ ಮೇಲಿದ್ದ ಶಬ್ದವು ಅಲ್ಲಿ ಒಬ್ಬರ ಅಂಗೈಯಲ್ಲಿ ಸವೆದು ಹೊಳೆಯುತ್ತಿತ್ತು. ಅದರ ಮರುವಾರವೇ ಶಿಷ್ಯವೃತ್ತಿಯನ್ನು ಬೇಡಿಕೊಂಡು ಹೋದೆನು. ಅವರು ನನ್ನ ಕೈಗಳನ್ನು ನೋಡಿ, “ಭಾಳ ಮೆತ್ತಗ ಅದಾವ್ರಿ” ಎಂದಷ್ಟೇ ಹೇಳಿ ಒಂದು ತುಂಡು ತೊಗಲನ್ನು ಮುಂದಿಟ್ಟರು.

ಮನೆಯಲ್ಲಿ ಇದು ಸುಲಭವಾಗಿ ಸಾಗಲಿಲ್ಲ. ಹಿತ್ತಲಿನ ಪಡಸಾಲೆಯಲ್ಲಿ ಮಾತ್ರ ಕೆಲಸ, ಮುಗಿದೊಡನೆ ಸ್ನಾನ, ಎಂದು ನಮ್ಮ ಮನೆಯವರು ಕಟ್ಟಳೆ ಹಾಕಿದರು. ನಾನು ಶಾಸ್ತ್ರವನ್ನು ಮುಂದೆ ಮಾಡಿದೆನು. ಉಪನಯನದಲ್ಲಿ ವಟುವಿಗೆ ಕೃಷ್ಣಾಜಿನ ಬೇಕು. ದೇವರ ಮುಂದೆ ನುಡಿಯುವ ಮದ್ದಳೆಯ ಬಾಯಿ ತೊಗಲಿನದು. ನಮ್ಮ ಅಜ್ಜನವರು ಜಪಕ್ಕೆ ಕೂಡುತ್ತಿದ್ದುದು ಜಿಂಕೆಯ ಚರ್ಮದ ಮೇಲೆ. ಆಕೆ ಎಲ್ಲವನ್ನೂ ಕೇಳಿ, “ಅದರ ಮ್ಯಾಲ ಕೂತೀರಿ, ಖರೇ. ಅದನ್ನ ಹದಾ ಮಾಡಿದವರು ಯಾರು ಅಂತ ಎಂದರ ಕೇಳೀರೇನು?” ಎಂದಳು. ಆಕೆ ನನ್ನನ್ನು ತಡೆಯಲೆಂದು ಹೇಳಿದ ಮಾತು ಅದು; ನನ್ನನ್ನು ಮುಂದಕ್ಕೆ ತಳ್ಳಿದ ಮಾತೂ ಅದೇ ಆಯಿತು.

ಹದವೆಂಬುದು ಸಾಮಾನ್ಯವಾದುದಲ್ಲ. ಹಸಿಯ ತೊಗಲು ಕೆಲವೇ ದಿನಗಳಲ್ಲಿ ಕೊಳೆಯತಕ್ಕದ್ದು. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ಅದು ವಾರಗಟ್ಟಲೆ ನೆನೆದಾಗ, ಒಗರು ತೊಗಲಿನ ನಾರುಗಳನ್ನು ಹಿಡಿದುಕೊಂಡು ಕೊಳೆಯದಂತೆ ಮಾಡುತ್ತದೆ. ಕ್ರೋಮಿಯಂ ಲವಣಗಳಿಂದ ಈ ಕೆಲಸವನ್ನು ಒಂದೆರಡು ದಿನಗಳಲ್ಲಿಯೇ ಮುಗಿಸುವ ರೀತಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದಿತು. ಆದರೆ ನಮ್ಮ ಸೀಮೆಯ ಚಪ್ಪಲಿಗೆ ಇಂದಿಗೂ ತೊಗಟೆಯ ಹದವೇ ಬೇಕು. ಕೊಲ್ಹಾಪುರಿ ಎಂದು ಲೋಕವೆಲ್ಲ ಕರೆಯುವ ಆ ಚಪ್ಪಲಿಗೆ 2019ರಲ್ಲಿ ಭೌಗೋಲಿಕ ಗುರುತು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಅದರಲ್ಲಿ ಸೇರಿದವು. ಮೊಳೆಯಿಲ್ಲದೆ, ತೊಗಲಿನ ಎಳೆಯಿಂದಲೇ ತೊಗಲನ್ನು ಹೊಲಿಯುವುದು ಅದರ ಹಳೆಯ ಪದ್ಧತಿ.

ಉಪಕರಣಗಳು ಕೆಲವೇ. ಕತ್ತರಿಸಲಿಕ್ಕೂ ಅಂಚನ್ನು ತೆಳ್ಳಗೆ ಹೆರೆಯಲಿಕ್ಕೂ ರಂಪಿಗೆ, ಚುಚ್ಚಲು ಆರಿ, ಬಡಿಯಲು ಸುತ್ತಿಗೆ, ಕೆಳಗೆ ಒಂದು ಮರದ ದಿಮ್ಮಿ, ಮೇಣ ತಿಕ್ಕಿದ ದಾರ. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗುಂಟಗಳ ಹೆಸರು ಬರುವುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ರೂಪಕವೆಂದು ವಿವರಿಸಿದ್ದೆನು. ರಂಪಿಗೆ ಜಾರಿ ಹೆಬ್ಬೆರಳು ಸೀಳಿದ ದಿನ, ಅವು ಮೊದಲು ಕಬ್ಬಿಣವೂ ಮರವೂ ಆಗಿದ್ದವೆಂಬುದು ನನಗೆ ತಿಳಿಯಿತು.

ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ. ಎರಡೂ ಎದುರುಬದುರಾಗಿ ಒಂದೇ ರಂಧ್ರದಲ್ಲಿ ಹಾಯುತ್ತವೆ. ಒಂದು ಎಳೆ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದ ಹೊಲಿಗೆಯಾದರೋ ಹಾಗಲ್ಲ. ಮೇಲಿನ ದಾರವೂ ಕೆಳಗಿನ ದಾರವೂ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಒಂದು ಕಡಿದರೆ ಆ ಸಾಲು ಬಿಚ್ಚಿಕೊಳ್ಳಲು ದಾರಿಯಾಗುತ್ತದೆ.

ಆದರೂ ಯಂತ್ರದ ಮೋಹ ನನ್ನನ್ನು ಬಿಡಲಿಲ್ಲ. ಮೊದಲು ಮನೆಯ ಅರಿವೆ ಹೊಲಿಯುವ ಯಂತ್ರದಲ್ಲಿ ಪ್ರಯತ್ನಿಸಿ ಮೂರು ಸೂಜಿಗಳನ್ನು ಮುರಿದು ಬೈಸಿಕೊಂಡೆನು. ಆಮೇಲೆ ಸಿಂಗರ್ ಕಂಪನಿಯ 29ಕೆ ಎಂಬ ಹಳೆಯ ಭಾರಿ ಯಂತ್ರವೊಂದನ್ನು ಕೊಂಡು ತಂದೆನು. ಇಬ್ಬರು ಆಳುಗಳು ಅದನ್ನು ಹೊತ್ತು ತರಬೇಕಾಯಿತು. ‘ಕೆ’ ಎಂಬುದು ಸ್ಕಾಟ್ಲೆಂಡಿನ ಕಿಲ್‌ಬೋವೀ ಕಾರ್ಖಾನೆಯ ಗುರುತು. 1885ರಲ್ಲಿ ತೆರೆದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಮಾಡಿದ ಮನೆ ಮುಚ್ಚಿಹೋದರೂ ಅಲ್ಲಿಯ ಯಂತ್ರ ನನ್ನ ಪಡಸಾಲೆಯಲ್ಲಿ ಓಡುತ್ತಿದೆ. ಇದರ ತೋಳು ನೀಳವಾಗಿ, ತುದಿಯಲ್ಲಿ ಸಪುರವಾಗಿದೆ. ಆದುದರಿಂದ ಹೊಲಿದು ಮುಗಿದ ಬೂಟನ್ನೂ ಅದಕ್ಕೆ ತೊಡಿಸಬಹುದು. ಅರಿವೆಯ ಯಂತ್ರದಲ್ಲಿ ಬಟ್ಟೆಯನ್ನು ಎಳೆಯುವ ಹಲ್ಲುಗಳು ಕೆಳಗಿದ್ದರೆ, ಇಲ್ಲಿ ಮೇಲಿನಿಂದ ಒತ್ತುವ ಪಾದವೇ ತೊಗಲನ್ನು ನಡೆಸುತ್ತದೆ. ಆ ಪಾದ ಬೇಕಾದ ದಿಕ್ಕಿಗೆ ತಿರುಗುತ್ತದೆ. ತೊಗಲನ್ನು ತಿರುಗಿಸದೆ ಹೊಲಿಗೆಯನ್ನು ತಿರುಗಿಸಬಹುದು. ಚಕ್ರವನ್ನು ಕೈಯಿಂದ ಒಂದೊಂದೇ ಸುತ್ತು ತಿರುಗಿಸುತ್ತ ನಾನು ಎಷ್ಟೋ ಸಂಜೆಗಳನ್ನು ಕಳೆದಿರುವೆನು.

ಈ ಕೆಲಸದಲ್ಲಿ ಒಂದು ಕಠಿನವಾದ ನಿಯಮವಿದೆ. ಅರಿವೆಯ ಸೂಜಿ ನೂಲುಗಳನ್ನು ಸರಿಸಿ ಹೋಗುತ್ತದೆ; ಹೊಲಿಗೆ ಬಿಚ್ಚಿದರೆ ನೂಲುಗಳು ಮತ್ತೆ ಕೂಡಿಕೊಳ್ಳುತ್ತವೆ. ತೊಗಲಿನ ಸೂಜಿಗೆ ಅಲಗಿನಂತಹ ಮೊನೆ. ಅದು ಕೊಯ್ದು ಹೋಗುತ್ತದೆ. ಹೊಲಿಗೆಯನ್ನು ಬಿಚ್ಚಬಹುದು, ರಂಧ್ರವನ್ನು ಮುಚ್ಚಲಾಗದು.

ಇದನ್ನು ಕಾಕಾ ಮೊದಲ ಸಲ ತೋರಿಸಿದ ದಿನ ನನಗೆ 1991ರ ಒಂದು ಮುಂಜಾವು ನೆನಪಾಯಿತು. ಶಾಲೆಯ ಆರಂಭದ ದಿನ. ಒಬ್ಬ ಹುಡುಗನು ಹೊಸ ತೊಗಲಿನ ಚೀಲವನ್ನು ಹೆಗಲಿಗೇರಿಸಿಕೊಂಡು ಬಂದನು. ಅವನ ತಂದೆ ಹೊಲಿದದ್ದು. ಅದಕ್ಕೆ ವಾಸನೆಯಿತ್ತು. ನಾನು, “ಇದನ್ನು ಹೊರಗಿಟ್ಟು ಬಾ” ಎಂದೆನು. ಮಕ್ಕಳು ನಕ್ಕರು. ಅವನು ಪುಸ್ತಕಗಳನ್ನು ಎದೆಗವುಚಿಕೊಂಡು ಒಳಗೆ ಬಂದನು. ಚೀಲ ಸಂಜೆಯ ತನಕ ಬಾಗಿಲ ಹೊರಗೆ ಬಿದ್ದಿತ್ತು. ಮರುದಿನದಿಂದ ಅವನು ಅರಿವೆಯ ಚೀಲ ತಂದನು. ವಾಸನೆಗಾಗಿ ಹೇಳಿದೆನೆಂದು ಬಹುಕಾಲ ನನ್ನನ್ನು ನಾನೇ ನಂಬಿಸಿಕೊಂಡಿದ್ದೆನು. ವಾಸನೆ ಮಾತ್ರವೇ ಕಾರಣವಾಗಿದ್ದರೆ ನನ್ನ ಧ್ವನಿ ಹಾಗಿರುತ್ತಿರಲಿಲ್ಲ. ಆ ಹುಡುಗನ ತಂದೆಯೇ ಈ ಕಾಕಾ.

ಎರಡು ವರ್ಷ ಅವರ ಬಳಿ ಕಲಿತ ಮೇಲೆ, ಒಂದು ಮಧ್ಯಾಹ್ನ ಧೈರ್ಯ ಮಾಡಿ ಈ ಸಂಗತಿಯನ್ನೆತ್ತಿದೆನು. ಅವರು ಕೈಯಲ್ಲಿದ್ದ ಕೆಲಸವನ್ನು ಬಿಡದೆ ಹೇಳಿದರು: “ವಾಸನಿ ಇತ್ತು, ಖರೇ. ತೊಗಲು ಹದಕ್ಕ ಬಂದಿರಲಿಲ್ಲ. ಸಾಲಿ ಸುರು ಆಗತೈತಿ ಅಂತ ನಾನೇ ಗಡಿಬಿಡಿ ಮಾಡಿದ್ದೆ.”

ನನ್ನನ್ನು ಬಿಟ್ಟುಬಿಟ್ಟರೆಂದು ನಾನು ನಿಟ್ಟುಸಿರು ಬಿಡುವುದರೊಳಗೆ ತಲೆಯೆತ್ತಿ, “ಉಳಿದದ್ದು ನನಗ್ಯಾಕ ಹೇಳತೀರಿ, ಮಾಸ್ತರ? ಅವಗ ಹೇಳ್ರಿ” ಎಂದರು.

ಆ ಹುಡುಗನಿಗೆ ಈಗ ನಲವತ್ತೇಳು ವರ್ಷ. ಪುಣೆಯಲ್ಲಿ ನೌಕರಿ, ದೀಪಾವಳಿಗೆ ಊರಿಗೆ ಬರುತ್ತಾನೆ. ಕಳೆದ ಸಲ ಅವನು ಬಂದಾಗ ನಾನು ಅಂಗಡಿಗೆ ಹೋಗಲಿಲ್ಲ. ಮೈಯಲ್ಲಿ ಸ್ವಸ್ಥವಿಲ್ಲವೆಂದು ಹೇಳಿಕಳಿಸಿದೆನು. ಅದು ಸುಳ್ಳು.

ಈಗ ನಾನು ಒಂದು ಶಾಲೆಯ ಚೀಲವನ್ನು ಹೊಲಿಯುತ್ತಿರುವೆನು. ಅದನ್ನು ಅವನಿಗೆ ಕೊಡಲೆಂದು ಅಲ್ಲ; ಅಂತಹ ಕಾಣಿಕೆಯಿಂದ ತೀರುವ ಲೆಕ್ಕವಲ್ಲ ಅದು. ಒಂದು ಚೀಲದಲ್ಲಿ ಎಷ್ಟು ಹೊಲಿಗೆಗಳಿರುತ್ತವೆಂದು ಎಣಿಸಿ ತಿಳಿಯುವುದು ನನಗೆ ಬೇಕಾಗಿದೆ. ಪಟ್ಟಿಯನ್ನು ಬಿಟ್ಟು ಆರುನೂರ ಹನ್ನೆರಡಾದವು. ಮೊನ್ನೆ ಕಾಕಾ ಅದನ್ನು ಒಳಮಗ್ಗುಲಿಗೆ ತಿರುವಿ ನೋಡಿ, ಒಂದು ಮೂಲೆಯನ್ನು ಉಗುರಿನಿಂದ ತೋರಿಸಿ, “ಇಲ್ಲಿ ಗಡಿಬಿಡಿ ಮಾಡೀರಿ” ಎಂದರು.

ದೀಪಾವಳಿಗೆ ಇನ್ನು ಏಳು ವಾರಗಳಿವೆ. ಈ ಸಲ ನನ್ನ ಮೈ ಸ್ವಸ್ಥವಾಗಿಯೇ ಇರುವುದು.