ಲಿಕೊರಿಸ್ ಮಿಠಾಯಿಯ ಪರೀಕ್ಷೆ

ಇಂಗ್ಲಿಷರು ಲಿಕೊರಿಸ್ ಎನ್ನುವುದು ನಮ್ಮ ಜ್ಯೇಷ್ಠಮಧುವನ್ನೇ. ಅಮರಸಿಂಹನು ಮಧುಕ, ಕ್ಲೀತಕ, ಯಷ್ಟಿಮಧುಕ ಎಂದು ಹೆಸರಿಸಿರುವ ಬೇರು. ರಾಯಚೂರಿನ ಗ್ರಂಥಿಗೆ ಅಂಗಡಿಯಲ್ಲಿ ಮುಲೇಠಿ ಎಂದು ಕೇಳಿದರೂ ಕೊಡುವರು. ಪಾಠ ಹೇಳಿ ಹೇಳಿ ಗಂಟಲು ಕಟ್ಟಿದ ದಿನಗಳಲ್ಲಿ ಅದರ ಕಡ್ಡಿಯೇ ನನಗೆ ಆಸರೆಯಾಗಿದ್ದಿತು. ಆದುದರಿಂದ ಪರದೇಶದಲ್ಲಿರುವ ಮಗಳು ಹಣ್ಣಿನ ರುಚಿಯ ಸಾವಯವ ಲಿಕೊರಿಸ್ ಮಿಠಾಯಿಯನ್ನು ಕಳುಹಿಸಿದಾಗ, ಪರೀಕ್ಷಕನ ಅಧಿಕಾರವನ್ನು ನಾನೇ ವಹಿಸಿಕೊಂಡೆನು.

ಕೆಂಪು ತುಂಡು ಮೃದುವಾಗಿದ್ದಿತು. ಮೊದಲು ಹುಳಿ, ಬಳಿಕ ಸಕ್ಕರೆಯ ಸಿಹಿ; ಅಷ್ಟಕ್ಕೇ ಮುಗಿಯಿತು. ಬೇರಿನ ಸಿಹಿಯ ಲಕ್ಷಣವೇ ಬೇರೆ: ಅದು ತಡವಾಗಿ ಬರುತ್ತದೆ, ನುಂಗಿದ ಮೇಲೂ ನಾಲಗೆಯನ್ನು ಬಿಡದು. ಸಂಶಯದಿಂದ ಹೊದಿಕೆಯನ್ನೋದಿದೆನು. ಗೋಧಿಹಿಟ್ಟು, ಸಕ್ಕರೆಪಾಕ, ಹಣ್ಣಿನ ರಸ. ಜ್ಯೇಷ್ಠಮಧುವಿನ ಸುಳಿವೇ ಇಲ್ಲ! ಅನ್ವರ್ಥನಾಮವೆಂದು ನಂಬಿದ್ದು ಬರಿಯ ಅಂಕಿತನಾಮವಾಗಿದ್ದಿತು. ಕಪ್ಪು ತುಂಡಿನಲ್ಲಿ ಮಾತ್ರ ಬೇರಿನ ಸಾರವಿದ್ದಿತು. ರುಚಿಯಲ್ಲಿ ಅದೇ ಮೇಲು.

ಆದರೆ ಆ ಮೇಲಾದುದನ್ನೇ ಮನೆಯಾಕೆಗೆ ಕೊಡಲಿಲ್ಲ. ಬೇರಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಹೆಚ್ಚಾದರೆ ದೇಹದಲ್ಲಿ ಉಪ್ಪಿನಂಶ ನಿಂತು, ಪೊಟ್ಯಾಸಿಯಂ ಕುಗ್ಗಿ, ರಕ್ತದೊತ್ತಡ ಏರುತ್ತದೆ. ದಿನಕ್ಕೆ 100 ಮಿಲಿಗ್ರಾಂ ಮೀರದಿರಲೆಂದು ಐರೋಪ್ಯ ಒಕ್ಕೂಟದ ವಿಜ್ಞಾನ ಸಮಿತಿಯು 2003ರಲ್ಲಿ ಹೇಳಿತು. ಆಕೆಯಾದರೋ ಆರು ವರ್ಷಗಳಿಂದ ಒತ್ತಡದ ಗುಳಿಗೆ ನುಂಗುವವಳು.

“ಸಾವಯವ ಅಂತ ಬರದಾರಲ್ರೀ?” ಎಂದಳು.

ಅದು ಬೆಳೆದ ಕ್ರಮಕ್ಕೆ ಸಂದ ಮಾತು, ಬೇರಿನ ಗುಣವನ್ನು ಬದಲಿಸದು ಎಂದೆನು. ಕೆಂಪು ತುಂಡುಗಳೆಲ್ಲವೂ ಆಕೆಯ ಡಬ್ಬಿ ಸೇರಿದವು.